ದೋಣಿ ಎಂಜಿನ್ನಿನ ಹಿಂದಿದ್ದ ಪುಸ್ತಕ

ವೆಂಡೆಲ್ ಹೌಗೆನ್‌ಗೆ ಲೈಬ್ರರಿ ಕಾರ್ಡು ಇರಲಿಲ್ಲ.

ಹ್ಯಾಲ್ಡೆನ್ ಕೌಂಟಿಯ ಲೈಬ್ರರಿ ಆ ಕೌಂಟಿಯವರಿಗೆ ಮಾತ್ರ ಕಾರ್ಡು ಕೊಡುತ್ತಿತ್ತು. ವೆಂಡೆಲ್‌ನ ಮನೆ ಇದ್ದದ್ದು ಹೊಳೆಯ ಆಚೆ ದಡದಲ್ಲಿ, ಬೇರೆ ಕೌಂಟಿಯಲ್ಲಿ. ಅಲ್ಲಿ ಹಂದಿಗಳಿದ್ದವು, ಜೋಳದ ಹೊಲಗಳಿದ್ದವು, ಒಂದು ಚರ್ಚು, ಒಂದು ಪೆಟ್ರೋಲ್ ಬಂಕು ಇತ್ತು, ಲೈಬ್ರರಿ ಇರಲಿಲ್ಲ. ಅವನ ತಾಯಿ ಈಚೆ ದಡದ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಮಗನನ್ನು ಲೈಬ್ರರಿಯ ಬಾಗಿಲಲ್ಲಿ ಇಳಿಸಿ, ಸಂಜೆ ಆರಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಹನ್ನೆರಡನೆಯ ವಯಸ್ಸಿನಿಂದ ಈಗ ಹದಿನೈದು ತುಂಬುವವರೆಗೂ ಇದೇ ನಡೆದಿತ್ತು. ಕಾರ್ಡಿಲ್ಲದವನು ಒಳಗೆ ಕೂತು ಎಷ್ಟು ಬೇಕಾದರೂ ಓದಬಹುದು, ಒಂದು ಹಾಳೆಯನ್ನೂ ಹೊರಗೆ ಒಯ್ಯುವಂತಿಲ್ಲ.

ಇದರಲ್ಲಿ ಒಂದು ತೊಂದರೆ ಇತ್ತು. ಒಂದು ಶನಿವಾರ ಅರ್ಧ ಓದಿ ಬಿಟ್ಟ ಪುಸ್ತಕ ಮುಂದಿನ ಶನಿವಾರ ಯಾರದೋ ಮನೆಯ ಹಾಸಿಗೆಯ ಮೇಲಿರುತ್ತಿತ್ತು. ವೆಂಡೆಲ್ ಉಪಾಯ ಕಂಡುಕೊಂಡ. ಹಿಂದಿನ ಕೋಣೆಯ ಕೆಳಗಿನ ಕಪಾಟಿನಲ್ಲಿ ದೋಣಿ ಎಂಜಿನ್ನುಗಳ ರಿಪೇರಿ ಕುರಿತು ಹನ್ನೊಂದು ದಪ್ಪ ಪುಸ್ತಕಗಳಿದ್ದವು. ಊರಿನಲ್ಲಿ ದೋಣಿ ಇದ್ದವರು ಮೂರು ಜನ, ಮೂವರೂ ಓದುವವರಲ್ಲ. ಆ ಹನ್ನೊಂದರ ಹಿಂದೆ ಅವನು ತನ್ನ ಪುಸ್ತಕವನ್ನು ಅಡಗಿಸಿದ.

ಅದರ ಹೆಸರು ‘ಹದಿನೇಳನೆಯ ಸೈರನ್’. ಗೋಡೆ ಕಟ್ಟಿಕೊಂಡ ಒಂದು ಪಟ್ಟಣ. ಅಲ್ಲಿ ಹದಿನೇಳು ತುಂಬಿದವರಿಗಾಗಿ ಸೈರನ್ ಕೂಗುತ್ತದೆ. ಹುಡುಗ ಹುಡುಗಿಯರು ಸಾಲಾಗಿ ಹೋಗಿ ತಮ್ಮ ಅಭಿಪ್ರಾಯಗಳನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಿ, ಬದಲಿಗೆ ಒಂದೊಂದು ನೌಕರಿ ಪಡೆದು ಬರಬೇಕು. ಒಬ್ಬ ಹುಡುಗಿ ಒಪ್ಪಿಸುವುದಿಲ್ಲ. ಹೀಗೆ ನಾನೂರ ಹನ್ನೆರಡು ಪುಟ.

ಕತೆ ಸುಮಾರಾಗಿತ್ತು. ವೆಂಡೆಲ್ ಅದಕ್ಕೆ ಜೋತುಬಿದ್ದದ್ದು ಕತೆಗಾಗಿ ಅಲ್ಲ, ಪುಟಗಳ ಅಂಚಿಗಾಗಿ. ಹದಿನಾಲ್ಕು ವರ್ಷಗಳಿಂದ ಆ ಊರಿನ ಹುಡುಗರು ಆ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಜಗಳವಾಡಿದ್ದರು. ಮೊದಲ ಪುಟದಲ್ಲೇ ಯಾರೋ “ಕೊನೇಲಿ ಅಣ್ಣ ಸಾಯ್ತಾನೆ” ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಂದು ಕೈ, “ನಿನ್ನ ಮನೆ ಹಾಳಾಗ.” ಅದರ ಕೆಳಗೆ ಮೂರನೆಯದು, “ಇಬ್ರೂ ಸುಮ್ನಿರಿ, ನಾನಿನ್ನೂ ಓದ್ತಿದೀನಿ.” ನಕಾಶೆಯ ಪುಟದಲ್ಲಿ ಬಾಣ ಎಳೆದು, “ಈ ನದಿ ಗುಡ್ಡ ಹತ್ತುತ್ತಿದೆ” ಎಂದಿತ್ತು. ನಾಯಕಿ ತುಟಿ ಕಚ್ಚಿಕೊಂಡಾಗಲೆಲ್ಲ ಒಬ್ಬರು ಎಣಿಕೆ ಹಾಕುತ್ತ ಬಂದು, ಪುಟ ಇನ್ನೂರರ ಹತ್ತಿರ, “ನಲವತ್ತಾರು. ತುಟಿ ಇನ್ನೂ ಉಳಿದಿದೆಯಾ?” ಎಂದು ಕೇಳಿದ್ದರು.

ಕಳೆದ ಒಂದು ವರ್ಷದಿಂದ ಹೊಸ ಕೈಯೊಂದು ಬಂದಿತ್ತು. ಆ ಕೈ ವೆಂಡೆಲ್ ಬರೆದದ್ದಕ್ಕೆಲ್ಲ ತಪ್ಪದೆ ಎದುರು ಬರೆಯುತ್ತಿತ್ತು, ಕೊನೆಯಲ್ಲಿ ಒಂದು ಸಣ್ಣ ನಕ್ಷತ್ರ ಹಾಕುತ್ತಿತ್ತು. ನಾಯಕಿ ಧೈರ್ಯವಂತೆ ಎಂದು ಇವನು ಬರೆದರೆ, “ಧೈರ್ಯ ಅಲ್ಲ, ಬೇರೆ ದಾರಿ ಇಲ್ಲದೆ ಓಡ್ತಿದಾಳೆ” ಎಂದು ನಕ್ಷತ್ರ. ನಾಯಕ ಮೂರ್ಖ ಎಂದರೆ, “ಮೂರ್ಖ ಅಲ್ಲ, ಹಸಿವು. ಎಂಬತ್ತು ಪುಟದಿಂದ ಯಾರೂ ಅವನಿಗೆ ಊಟ ಹಾಕಿಲ್ಲ, ನೋಡು” ಎಂದು ನಕ್ಷತ್ರ. ವೆಂಡೆಲ್ ತಿರುಗಿಸಿ ನೋಡಿದ. ನಿಜವಾಗಿಯೂ ಹಾಕಿರಲಿಲ್ಲ. ನಕ್ಷತ್ರದವರು ವಾರದ ನಡುವೆ ಬರುತ್ತಿದ್ದರು, ಓದಿ ಮುಗಿಸಿ ಪುಸ್ತಕವನ್ನು ಮತ್ತೆ ದೋಣಿ ಎಂಜಿನ್ನಿನ ಹಿಂದೆಯೇ ಇಟ್ಟು ಹೋಗುತ್ತಿದ್ದರು.

ಹಿಂದಿನ ಶನಿವಾರ ವೆಂಡೆಲ್ ಪುಟ ಮುನ್ನೂರ ಎಂಬತ್ತೆಂಟರಲ್ಲಿ, ಮೂರು ಸಲ ಪೆನ್ಸಿಲ್ ಚೂಪು ಮಾಡಿಕೊಂಡು, ಬರೆದಿದ್ದ: “ನಕ್ಷತ್ರದವರೇ, ನೀವು ಯಾರು?”

ವಾರವಿಡೀ ಅವನಿಗೆ ನೆಟ್ಟಗೆ ನಿದ್ದೆ ಬರಲಿಲ್ಲ. ಈ ಶನಿವಾರ ಕಾರು ಪೂರ್ತಿ ನಿಲ್ಲುವ ಮೊದಲೇ ಇಳಿದು, ತಾಯಿಯ ಬೈಗುಳವನ್ನು ಬೆನ್ನಿಗೆ ಹಾಕಿಕೊಂಡು ಒಳಗೆ ಓಡಿದ. ಎಂಜಿನ್ ಪುಸ್ತಕಗಳನ್ನು ಸರಿಸಿದ. ಹಿಂದೆ ಗೋಡೆ ಇತ್ತು, ಸೈರನ್ ಇರಲಿಲ್ಲ.

ಅದು ಇದ್ದದ್ದು ಮುಂಭಾಗದಲ್ಲಿ, ಮಿಸೆಸ್ ಕ್ವಾಮ್ ಅವರ ಮೇಜಿನ ಹಿಂದೆ, ಚಕ್ರದ ಗಾಡಿಯ ಮೇಲೆ. ಒಳಗಿನಿಂದ ಒಂದು ಹಳದಿ ಚೀಟಿ ನಾಲಿಗೆಯಂತೆ ಹೊರಬಂದಿತ್ತು. ಚೀಟಿಯ ಮೇಲೆ ಅಂದಿನ ತಾರೀಖು. ತಾರೀಖಿನ ಕೆಳಗೆ ‘ನಾಲ್ಕು ಗಂಟೆ’.

ಮಿಸೆಸ್ ಕ್ವಾಮ್ ಮೂವತ್ತು ವರ್ಷಗಳಿಂದ ಆ ಲೈಬ್ರರಿಯನ್ನು ನಡೆಸುತ್ತಿದ್ದವರು. ಚೈನಿಗೆ ಕಟ್ಟಿದ ಕನ್ನಡಕ, ಬಾತುಕೋಳಿ ಚಿತ್ರದ ಸ್ವೆಟರು, ಮೆತ್ತನೆಯ ದನಿ. ಅವರು ವೆಂಡೆಲ್‌ನನ್ನು ನೋಡಿ ನಕ್ಕರು.

“ನಾಲ್ಕು ಗಂಟೆಗೆ ಇಲ್ಲೇ ಇರ್ತೀಯಲ್ಲಪ್ಪ, ವೆಂಡೆಲ್?”

ಆ ನಗೆ ಅವನಿಗೆ ಗೊತ್ತಿತ್ತು. ಲೋಕ ಹಾಳಾದ ಭವಿಷ್ಯದ ಕುರಿತು ಅವನು ಓದಿದ ಇಪ್ಪತ್ತಾರು ಕಾದಂಬರಿಗಳಲ್ಲಿ ಅಧಿಕಾರದಲ್ಲಿದ್ದವರೆಲ್ಲ ಹೀಗೇ ನಗುತ್ತಿದ್ದರು. ಕೆಲವರು ಸ್ವೆಟರ್ ಕೂಡ ಹಾಕಿಕೊಂಡಿದ್ದರು.

ಅವನು ಸೀದಾ ಕಿಟಕಿಯ ಬಳಿಯ ದುಂಡು ಮೇಜಿಗೆ ಹೋದ. ಅಲ್ಲಿ ಹದಿಹರೆಯದವರ ಓದುಗರ ಕೂಟದ ಉಳಿದ ಮೂವರು ಪಾಪ್‌ಕಾರ್ನ್ ಪೊಟ್ಟಣ ಹರಿದುಕೊಂಡು ಕೂತಿದ್ದರು. ಪ್ರಿಸಿಲ್ಲಾ ಡ್ರ್ಯಾಗನ್ ಪಕ್ಷದವಳು. ಆರುನೂರು ಪುಟಕ್ಕಿಂತ ಕಡಿಮೆ ಇದ್ದದ್ದನ್ನು ಅವಳು ಕರಪತ್ರ ಎನ್ನುತ್ತಿದ್ದಳು. ಡಾರ್ನೆಲ್‌ಗೆ ಯಾವ ಕತೆಯಾದರೂ ಸರಿ, ಲೆಕ್ಕ ಹೊಂದಬೇಕು. ಗೋಡೆ ಇದ್ದರೆ ಸಿಮೆಂಟ್ ಎಲ್ಲಿಂದ ಬಂತು, ಸೈನ್ಯ ಇದ್ದರೆ ರೊಟ್ಟಿ ಯಾರು ಸುಟ್ಟರು ಎಂದು ಕೇಳುತ್ತಿದ್ದ. ಮರಿಸೋಲ್‌ಗೆ ಒಬ್ಬ ಹುಡುಗಿ, ಇಬ್ಬರು ಹುಡುಗರು ಇದ್ದರೆ ಸಾಕು, ಗೋಡೆ ಮಣ್ಣಿನದಾದರೂ ನಡೆಯುತ್ತಿತ್ತು. ಅವಳಿಗೆ ಇನ್ನೊಂದು ಚಿಂತೆಯೂ ಇತ್ತು. ಶಾಲೆಗೆ ವರ್ಷಕ್ಕೆ ನಲವತ್ತು ಗಂಟೆ ಸಮಾಜ ಸೇವೆ ತೋರಿಸಬೇಕು. ಅದಕ್ಕಾಗಿ ಒಂದು ಫಾರಂ ಸದಾ ಕೈಯಲ್ಲಿ ಹಿಡಿದು, ಯಾರಿಗೆ ಉಪಕಾರ ಮಾಡಲಿ ಎಂದು ಬೇಟೆನಾಯಿಯ ಹಾಗೆ ಮೂಸುತ್ತಿದ್ದಳು.

ವೆಂಡೆಲ್ ಹಳದಿ ಚೀಟಿಯ ವಿಷಯ ಹೇಳಿದ. ನಾಲ್ವರೂ ತಲೆ ಹತ್ತಿರ ತಂದರು. ಡಾರ್ನೆಲ್ ಬೇಸಿಗೆ ರಜೆಯಲ್ಲಿ ಎರಡು ವಾರ ಇದೇ ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿದ್ದವನು. ಎರಡು ವರ್ಷ ಯಾರೂ ಮನೆಗೆ ಒಯ್ಯದ ಪುಸ್ತಕವನ್ನು ಕಂಪ್ಯೂಟರ್ ಹುಡುಕಿ ಕೊಡುತ್ತದೆ, ಅದನ್ನು ತೆಗೆದುಹಾಕುತ್ತಾರೆ ಎಂದು ವಿವರಿಸಿದ. ಸೈರನ್ ಅನ್ನು ಎಲ್ಲರೂ ಇಲ್ಲೇ ಕದ್ದು ಓದಿ ಇಲ್ಲೇ ಅಡಗಿಸಿದ್ದರಿಂದ ಕಂಪ್ಯೂಟರಿನ ಪ್ರಕಾರ ಅದನ್ನು ಓದಿದವರು ಯಾರೂ ಇಲ್ಲ.

“ತೆಗೆದು ಏನು ಮಾಡ್ತಾರೆ?” ವೆಂಡೆಲ್ ಕೇಳಿದ.

“ಅರೀತಾರೆ,” ಎಂದ ಡಾರ್ನೆಲ್. “ಲಾರಿ ಬರುತ್ತೆ, ನಾನೇ ನೋಡಿದೀನಿ. ಗಿರಣಿಗೆ ಹಾಕಿ ಅರೆದು ಮೊಟ್ಟೆ ಇಡೋ ಟ್ರೇ ಮಾಡ್ತಾರೆ.”

ಅವನು ನೋಡಿದ್ದು ಹಳೆಯ ವೃತ್ತಪತ್ರಿಕೆ ಒಯ್ಯುವ ಲಾರಿ. ಆದರೆ ಆ ಕ್ಷಣದಲ್ಲಿ ಅದು ಯಾರಿಗೂ ಹೊಳೆಯಲಿಲ್ಲ. ನಾಲ್ವರಿಗೂ ಮೊಟ್ಟೆಯ ಟ್ರೇ ಕಣ್ಣಿಗೆ ಕಟ್ಟಿತು.

ಮಿಸೆಸ್ ಕ್ವಾಮ್ ಅವರನ್ನೇ ಹೋಗಿ ಕೇಳಿದರೆ ಹೇಗೆ ಎಂದು ವೆಂಡೆಲ್ ಅಂದ. ಮೂವರೂ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದರು.

“ಕೇಳ್ತೀಯಾ? ಲೋ, ಇಷ್ಟು ಪುಸ್ತಕ ಓದಿ ಏನೋ ಕಲಿತೆ?” ಎಂದಳು ಪ್ರಿಸಿಲ್ಲಾ. “ಮೊದಲನೇ ಅಧ್ಯಾಯದಲ್ಲಿ ಹೋಗಿ ಕೇಳ್ದೋನು ಎರಡನೇ ಅಧ್ಯಾಯದಲ್ಲಿ ಇರೋದೇ ಇಲ್ಲ.”

ವೆಂಡೆಲ್ ಓದಿದ ಇಪ್ಪತ್ತಾರು ಕಾದಂಬರಿಗಳೂ ಅವಳ ಪಕ್ಷದಲ್ಲಿದ್ದವು.

ಡಾರ್ನೆಲ್ ದಾರಿ ತೋರಿಸಿದ. ಪುಸ್ತಕ ಬೇಕು ಎಂದು ಕಾರ್ಡು ಇದ್ದವರು ಫೋನಿನಿಂದಲೇ ಸರದಿಯಲ್ಲಿ ಹೆಸರು ಹಚ್ಚಬಹುದು. ಸರದಿ ಇರುವ ಪುಸ್ತಕವನ್ನು ಮುಟ್ಟುವಂತಿಲ್ಲ. ಎಷ್ಟು ಹೆಸರು ಬೇಕು ಎಂದರೆ, ಒಂದಿಬ್ಬರು ಸಾಲದು, ಹತ್ತಾದರೆ ಕಂಪ್ಯೂಟರ್ ಹೆದರುತ್ತದೆ ಎಂದ. ಹತ್ತು ಎಂಬುದು ಅವನಿಗೆ ಎಲ್ಲಿಂದ ಬಂತೋ, ಸಿಮೆಂಟಿನ ಮೂಲ ಕೇಳುವವನು ಅದನ್ನು ಮಾತ್ರ ಹೇಳಲಿಲ್ಲ.

ವೆಂಡೆಲ್‌ಗೆ ಕಾರ್ಡಿಲ್ಲ. ಅವನು ಬೇಡಬೇಕು. ಬೇಡಿದ ಕೂಡಲೇ ಬೆಲೆ ಶುರುವಾಯಿತು.

ಆ ಕೂಟದಲ್ಲಿ ಒಂದು ಪದ್ಧತಿ ಇತ್ತು. ಓದಿದ ಪುಸ್ತಕದ ಬಗ್ಗೆ ಒಂದು ರಟ್ಟಿನ ತುಂಡಿನ ಮೇಲೆ ಮೂರು ಸಾಲು ಬರೆದು, ಸಹಿ ಹಾಕಿ, ಕಪಾಟಿನಲ್ಲಿ ಆ ಪುಸ್ತಕದ ಕೆಳಗೆ ಅಂಟಿಸುವುದು. ವೆಂಡೆಲ್‌ನ ರಟ್ಟು ಎಂದರೆ ಇಡೀ ಪೇಟೆಗೆ ಗೊತ್ತು. ಅವನು ಯಾರನ್ನೂ ಹೊಗಳುತ್ತಿರಲಿಲ್ಲ. ಪ್ರಿಸಿಲ್ಲಾಳ ಜೀವದಂಥ ಎಂಟುನೂರ ನಲವತ್ತು ಪುಟದ ಡ್ರ್ಯಾಗನ್ ಕಾದಂಬರಿಯ ಕೆಳಗೆ ಅವನ ರಟ್ಟು ಎರಡು ವರ್ಷದಿಂದ ಹೀಗೆ ನೇತಾಡುತ್ತಿತ್ತು: “ಇದರಲ್ಲಿ ಬುದ್ಧಿ ಇರುವುದು ಡ್ರ್ಯಾಗನ್ನಿಗೆ ಮಾತ್ರ. ಅದೂ ಮುನ್ನೂರು ಪುಟ ನಿದ್ದೆ ಮಾಡುತ್ತದೆ.”

“ಅದನ್ನ ಕಿತ್ತು ಹೊಸದು ಬರಿ,” ಎಂದಳು ಪ್ರಿಸಿಲ್ಲಾ. “ನಾನು ಓದಿದ ಅತ್ಯುತ್ತಮ ಪುಸ್ತಕ ಅಂತ ಬರಿ. ನನ್ನ ಹೆಸರು ಹಚ್ತೀನಿ. ನನ್ನ ತಂಗಿಯರಿಬ್ಬರದ್ದೂ ಹಚ್ಚಿಸ್ತೀನಿ.”

“ಅತ್ಯುತ್ತಮ ಪುಸ್ತಕಗಳಲ್ಲಿ ಒಂದು ಅಂದ್ರೆ?”

“ಮೊಟ್ಟೆ ಟ್ರೇ, ವೆಂಡೆಲ್.”

ಅವನು ಬರೆದ. ಸಹಿಯಲ್ಲಿ ಹೌಗೆನ್ ಎಂಬುದು ಹಂದಿಯ ಬಾಲದ ಹಾಗೆ ಸುರುಳಿಯಾಯಿತು.

ಮರಿಸೋಲ್‌ಳ ಬೆಲೆ, ಅವಳ ಮೆಚ್ಚಿನ ಕಾದಂಬರಿಯ ನಾಯಕಿ ಬೇಕರಿಯ ಹುಡುಗನನ್ನಲ್ಲ, ಕೊಡಲಿ ಹಿಡಿದ ಮುಂಗೋಪಿಯನ್ನೇ ಆರಿಸಬೇಕಿತ್ತು ಎಂದು ಲಿಖಿತವಾಗಿ ಒಪ್ಪುವುದು. ಇದನ್ನು ವೆಂಡೆಲ್ ಹದಿನೆಂಟು ತಿಂಗಳಿಂದ ಒಪ್ಪಿರಲಿಲ್ಲ. ಈಗ ಒಪ್ಪಿದ. ಡಾರ್ನೆಲ್‌ಗೆ ರಟ್ಟು ಬೇಡವಾಗಿತ್ತು. ಸೈರನ್ ಪಟ್ಟಣದ ಗೋಡೆಗೆ ಸಿಮೆಂಟ್ ಸಾಲುವುದಿಲ್ಲ ಎಂದು ಜೋರಾಗಿ ಹೇಳಿದರೆ ಸಾಕು ಎಂದ. ವೆಂಡೆಲ್ ಎದ್ದು ನಿಂತು ಹೇಳಿದ. ಓದುವ ಕೋಣೆಯಲ್ಲಿ ಮೀನು ಹಿಡಿಯುವವರ ಪತ್ರಿಕೆ ನೋಡುತ್ತಿದ್ದ ಮುದುಕರೊಬ್ಬರು ತಲೆಯೆತ್ತಿ, ಸಿಮೆಂಟ್ ಬೇಕಿದ್ದರೆ ತಮ್ಮ ಅಳಿಯನನ್ನು ಕೇಳುವಂತೆ ಸೂಚಿಸಿದರು.

ಐದು ಹೆಸರಾಯಿತು. ಇನ್ನೈದಕ್ಕೆ ಮರಿಸೋಲ್ ಶಾಲೆಯ ಗುಂಪಿಗೆ ಸಂದೇಶ ಕಳಿಸಿದಳು. ವೆಂಡೆಲ್ ಹೌಗೆನ್ ಅಭಿಪ್ರಾಯ ಮಾರುತ್ತಿದ್ದಾನೆ ಎಂಬ ಸುದ್ದಿ ಅರ್ಧ ಗಂಟೆಯಲ್ಲಿ ಸೈಕಲ್ ಏರಿ ಲೈಬ್ರರಿಗೆ ಬಂತು. ಮತ್ಸ್ಯಕನ್ಯೆಯರ ಕಾದಂಬರಿ ಓದುವ ಅಕ್ಕತಂಗಿಯರು ಬಂದರು. ಸತ್ತವರು ಎದ್ದು ಬರುವ ಕತೆಗಳ ದಡೂತಿ ಹುಡುಗ ಬಂದ. ಹದಿಮೂರು ವರ್ಷದ ಒಬ್ಬಳು ತಾನೇ ಬರೆಯುತ್ತಿರುವ ಕಾದಂಬರಿಯ ನೋಟ್‌ಬುಕ್ ತಂದು, ಇದಕ್ಕೂ ಒಂದು ರಟ್ಟು ಬೇಕೆಂದಳು. ವೆಂಡೆಲ್ ನಾಲ್ಕು ಪುಟ ಓದಿ ಬರೆದುಕೊಟ್ಟ. ಆ ದಿನ ಮನಸ್ಸಿಗೆ ಒಪ್ಪಿ ಬರೆದದ್ದು ಅದೊಂದೇ.

ಒಂದು ಗಂಟೆಗೆ ತಾಯಿ ಕಟ್ಟಿಕೊಟ್ಟ ಸ್ಯಾಂಡ್‌ವಿಚ್ಚನ್ನು ಅವನು ಶೌಚಾಲಯದ ಬಾಗಿಲ ಬಳಿ ನಿಂತು ತಿಂದ. ಒಂಬತ್ತು ರಟ್ಟುಗಳು ಕಪಾಟುಗಳಲ್ಲಿ ನೇತಾಡುತ್ತಿದ್ದವು. ಹನ್ನೆರಡು ಹೆಸರುಗಳಾಗಿದ್ದವು. ಗೆದ್ದೆ ಎಂದುಕೊಂಡ.

ಪ್ರಿಸಿಲ್ಲಾ ಕಪಾಟುಗಳ ನಡುವೆ ಸುಮ್ಮನೆ ಒಂದು ಸುತ್ತು ಹೋಗಿ ಬಂದಳು. ಬರುವಾಗ ಅವಳ ಮುಖ ಬೀಟ್‌ರೂಟಿನ ಹಾಗಾಗಿತ್ತು.

“ಮತ್ಸ್ಯಕನ್ಯೆ ಪುಸ್ತಕ ನೀನು ಓದಿದ ಅತ್ಯುತ್ತಮ ಪುಸ್ತಕವಾ?”

ವೆಂಡೆಲ್ ಉಳಿದ ಸ್ಯಾಂಡ್‌ವಿಚ್ ಚೂರನ್ನು ಬಾಯಿಗೆ ತುರುಕಿಕೊಂಡ.

“ಹೆಣ ಎದ್ದು ಬರೋದೂ ಅತ್ಯುತ್ತಮ. ತೋಳಗಳದ್ದೂ ಅತ್ಯುತ್ತಮ. ಒಂಬತ್ತರಲ್ಲಿ ಏಳು ಅತ್ಯುತ್ತಮ ಇದಾವೆ ಕಣೋ ಇಲ್ಲಿ. ನನ್ನ ಡ್ರ್ಯಾಗನ್ ಏನು, ಸಾಲಲ್ಲಿ ನಿಂತಿದ್ದ ಎಮ್ಮೆನಾ?”

ಅಷ್ಟರಲ್ಲಿ ಮತ್ಸ್ಯಕನ್ಯೆಯ ಅಕ್ಕತಂಗಿಯರೂ ಡ್ರ್ಯಾಗನ್ ರಟ್ಟನ್ನು ನೋಡಿಬಿಟ್ಟಿದ್ದರು. ಹೆಣಗಳ ಹುಡುಗ ತನ್ನ ರಟ್ಟನ್ನು ಕಿತ್ತು ತಂದು ಮೇಜಿನ ಮೇಲೆ ಎಸೆದು, ಹೆಸರು ವಾಪಸು ಪಡೆಯುತ್ತೇನೆ ಎಂದ. ಪ್ರಿಸಿಲ್ಲಾ ತನ್ನ ಮೂರು ಹೆಸರುಗಳನ್ನು ತೆಗೆಯಲು ಆಗಲೇ ಫೋನ್ ಹೊರತೆಗೆದಿದ್ದಳು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಮೀನಿನ ಮುದುಕರು ಕುರ್ಚಿಯನ್ನೇ ಇತ್ತ ತಿರುಗಿಸಿಕೊಂಡು ಕೂತರು.

ವೆಂಡೆಲ್ ಕುರ್ಚಿ ಹತ್ತಿದ. ಯಾಕೆ ಹತ್ತಿದೆ ಎಂದು ಅವನಿಗೂ ಆಮೇಲೆ ಹೊಳೆಯಲಿಲ್ಲ. ಸೈರನ್ನಿನ ನಾಯಕಿ ಪುಟ ಮುನ್ನೂರರಲ್ಲಿ ಪೀಪಾಯಿ ಹತ್ತುತ್ತಾಳೆ, ಬಹುಶಃ ಅದಕ್ಕೇ ಇರಬೇಕು.

ಒಂಬತ್ತು ರಟ್ಟೂ ಸುಳ್ಳು ಎಂದು ಒಪ್ಪಿಕೊಂಡ. ನೋಟ್‌ಬುಕ್ಕಿನದು ಬಿಟ್ಟು ಎಂದು ತಿದ್ದಿಕೊಂಡ. ಆಮೇಲೆ ಸೈರನ್ ಬಗ್ಗೆ ನಿಜ ಹೇಳಲು ಶುರು ಮಾಡಿದ. ಮೊದಲ ನೂರು ಪುಟ ಗೊಣಗಾಟ. ಗೋಡೆಗೆ ಸಿಮೆಂಟ್ ಇಲ್ಲ. ನಾಯಕಿ ತುಟಿ ಕಚ್ಚುವುದು ಬಿಟ್ಟರೆ ಬೇರೆ ತಿಂಡಿ ಕಂಡವಳಲ್ಲ. ಅಣ್ಣ ಸಾಯುವುದು ಮೊದಲೇ ಗೊತ್ತಾಗುತ್ತದೆ.

“ಆದ್ರೂ ಅದನ್ನ ನಾನು ಹನ್ನೊಂದು ಸಲ ಓದಿದೀನಿ,” ಎಂದ. “ಯಾಕೆ ಅಂದ್ರೆ ಅದರೊಳಗೆ ಯಾರೂ ಸುಳ್ಳು ಹೇಳಿಲ್ಲ. ಬರೆದೋರ ವಿಷಯ ಅಲ್ಲ ನಾನು ಹೇಳ್ತಿರೋದು, ಓದಿದೋರದ್ದು. ಈ ಊರಲ್ಲಿ ಎದುರಿಗೆ ಸಿಕ್ಕಿದ್ರೆ ಎಲ್ಲರೂ ಚೆನ್ನಾಗಿದೆ ಅಂತಾರೆ. ಆ ಅಂಚಿನಲ್ಲಿ ಮಾತ್ರ ಬೋರು ಅನ್ಸಿದ್ರೆ ಬೋರು ಅಂತ ಬರೆದಿದಾರೆ, ಅಳು ಬಂದ್ರೆ ಅಳು ಬಂತು ಅಂತ ಬರೆದಿದಾರೆ. ಹದಿನಾಲ್ಕು ವರ್ಷ. ಅದನ್ನ ಮೊಟ್ಟೆ ಟ್ರೇ ಮಾಡ್ತಾರೆ ಇವತ್ತು.”

ಪ್ರಿಸಿಲ್ಲಾ ಫೋನನ್ನು ಮತ್ತೆ ಜೇಬಿಗೆ ಹಾಕಿದಳು. ತನ್ನ ಎಂಟುನೂರ ನಲವತ್ತು ಪುಟಗಳಲ್ಲಿ ಯಾರೂ ಒಂದು ಅಕ್ಷರ ಬರೆದಿಲ್ಲವಲ್ಲ ಎಂದು ಅವಳಿಗೆ ಮೊದಲ ಸಲ ಹೊಟ್ಟೆಕಿಚ್ಚಾಯಿತು. ಮರಿಸೋಲ್ ಇಡೀ ಭಾಷಣವನ್ನು ಫೋನಿನಲ್ಲಿ ಹಿಡಿದಿದ್ದಳು. ಅದನ್ನು ಕೌಂಟಿಯ ಎಲ್ಲ ಶಾಲೆಗಳ ಗುಂಪುಗಳಿಗೂ ಹರಿಬಿಟ್ಟಳು. ಇದನ್ನು ಯಾವ ಸೇವೆ ಎಂದು ಫಾರಮ್ಮಿನಲ್ಲಿ ಬರೆಯುವುದು ಎಂದು ಮಾತ್ರ ತಿಳಿಯಲಿಲ್ಲ.

ಎರಡಕ್ಕೆ ಹದಿನೇಳು ಹೆಸರು, ಎರಡೂವರೆಗೆ ಇಪ್ಪತ್ತೆರಡು. ಡಾರ್ನೆಲ್ ಒಂದೊಂದು ಅಂಕಿಯನ್ನೂ ಬೇಸ್‌ಬಾಲ್ ಆಟದ ವರದಿಯಂತೆ ಕೂಗುತ್ತಿದ್ದ. ಮೀನಿನ ಮುದುಕರು ಜೇಬಿನಿಂದ ತಮ್ಮ ಕಾರ್ಡು ತೆಗೆದು, ಹೇಗೆ ಒತ್ತಬೇಕು ಎಂದು ಪ್ರಿಸಿಲ್ಲಾಳನ್ನು ಕೇಳಿದರು. ಮೂರು ಗಂಟೆಗೆ ಮೂವತ್ತೊಂದು. ನಾಲ್ವರೂ ಮೇಜಿನ ಸುತ್ತ ಕುಣಿದರು. ಗೋಡೆ ಬಿದ್ದಿತ್ತು. ಇನ್ನು ಗಾಡಿಯಿಂದ ಪುಸ್ತಕ ಎತ್ತಿಕೊಂಡು ಪುಟ ಮುನ್ನೂರ ಎಂಬತ್ತೆಂಟು ತೆರೆಯುವುದೊಂದೇ ಬಾಕಿ.

ಆಗ ಮಿಸೆಸ್ ಕ್ವಾಮ್ ಮೇಜಿನ ಹಿಂದಿನಿಂದ ಎದ್ದು ಬಂದರು. ಒಂದು ಕೈಯಲ್ಲಿ ಸೈರನ್, ಇನ್ನೊಂದರಲ್ಲಿ ಕಂಪ್ಯೂಟರಿನಿಂದ ಹೊರಬಂದ ಉದ್ದನೆಯ ಪಟ್ಟಿ. ನಾಲ್ವರೂ ಭುಜಕ್ಕೆ ಭುಜ ಹಚ್ಚಿ ಸಾಲಾಗಿ ನಿಂತರು.

“ಇದೇನಪ್ಪ ಇದು, ವೆಂಡೆಲ್,” ಎಂದರು ಅವರು. ಸಿಟ್ಟಿರಲಿಲ್ಲ, ಊಟಕ್ಕೆ ಕರೆದ ನೆಂಟರು ಬರದೆ ಹೋದಂಥ ದನಿ ಇತ್ತು. “ಮೂವತ್ತೊಂದು ಹೆಸರಾ?”

“ಇನ್ನು ನೀವು ಅದನ್ನ ಅರೆಯೋಕಾಗಲ್ಲ,” ಎಂದ ಡಾರ್ನೆಲ್.

“ಅರೆಯೋದಾ? ಯಾರು ಅರೀತಾರೆ?”

ಅವರು ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಲೈಬ್ರರಿಯ ಲೆಕ್ಕದಿಂದ ತೆಗೆದ ಪುಸ್ತಕವನ್ನು ಯಾರಿಗೆ ಬೇಕಾದರೂ ಕೊಟ್ಟುಬಿಡಬಹುದು, ಅದಕ್ಕೆ ಕಾರ್ಡು ಬೇಕಾಗಿಲ್ಲ. ಎಂಜಿನ್ನಿನ ಹಿಂದೆ ಏನಿದೆ ಎಂದು ಅವರಿಗೆ ಮೂರು ವರ್ಷಗಳಿಂದ ಗೊತ್ತಿತ್ತು. ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದವರೇ ಅವರು. ಎರಡು ವರ್ಷ ಅದು ಹೊರಗೆ ಹೋಗದೇ ಇರಲಿ ಎಂದು ಕಾದರು. ತಿಂಗಳ ಹಿಂದೆ ಮೇಲಿನವರಿಗೆ ಅರ್ಜಿ ಬರೆದರು. ಇವತ್ತು ಬೆಳಿಗ್ಗೆ ಸಹಿ ಆಗಿ ಬಂತು. ನಾಲ್ಕು ಗಂಟೆಗೆ ಕೂಟದ ತಿಂಡಿಯ ಹೊತ್ತಿನಲ್ಲಿ ಅದನ್ನು ಲೆಕ್ಕದಿಂದ ತೆಗೆದು ವೆಂಡೆಲ್‌ಗೆ ಕೊಡಬೇಕೆಂದು ಚೀಟಿ ಸಿಕ್ಕಿಸಿ ಇಟ್ಟಿದ್ದರು.

“ಹೇಗಿತ್ತೋ ಹಾಗೇ, ಬರೆದಿದ್ದೆಲ್ಲ ಸೇರಿ, ನಿನ್ನ ಮನೆಗೆ,” ಎಂದರು. “ಕೇಕ್ ಕೂಡ ಮಾಡಿದೀನಿ.”

ವೆಂಡೆಲ್, ಎಲ್ಲರೂ ಹೆಸರು ತೆಗೆದರೆ ಆಗುವುದಿಲ್ಲವೇ ಎಂದು ಕೇಳಿದ. ಪ್ರಿಸಿಲ್ಲಾ ಆಗಲೇ ಫೋನ್ ಹಿಡಿದಿದ್ದಳು.

“ನೀವು ತೆಗೀಬೋದು ಕಣಮ್ಮ,” ಎಂದರು ಮಿಸೆಸ್ ಕ್ವಾಮ್. “ಆದ್ರೆ ಇದರಲ್ಲಿ ಹದಿನಾಲ್ಕು ಹೆಸರು ಬೇರೆ ಊರಿನ ಶಾಖೆಗಳಿಂದ ಬಂದಿದಾವೆ. ಯಾರೋ ಹುಡುಗ ಕುರ್ಚಿ ಮೇಲೆ ನಿಂತು ಮಾತಾಡೋದು ನೋಡಿದ್ರಂತೆ. ಒಂದು ಹೆಸರು ಬಂದಿದ್ರೂ ಸಾಕಿತ್ತು, ಕಂಪ್ಯೂಟರ್ ಬಿಡಲ್ಲ. ಹೊರಗಿನ ಶಾಖೆಯವರಿಗೇ ಮೊದಲ ಸರದಿ, ಶಾಖೆಗಳಿಗೆ ಹೋಗೋ ಐದು ಗಂಟೆ ವ್ಯಾನಿಗೆ ಇದು ಹೋಗ್ಲೇಬೇಕು.”

ಹೋಗುವ ಪುಸ್ತಕಕ್ಕೆ ಇನ್ನೊಂದು ನಿಯಮವಿತ್ತು. ಬರೆದು ಗೀಚಿದ ಪುಸ್ತಕವನ್ನು ಹೊರಗೆ ಕಳಿಸುವಂತಿಲ್ಲ. ಮಿಸೆಸ್ ಕ್ವಾಮ್ ಜೇಬಿನಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಗುಲಾಬಿ ಬಣ್ಣದ ರಬ್ಬರುಗಳಿದ್ದವು.

“ಪುಣ್ಯಕ್ಕೆ ಎಲ್ಲ ಪೆನ್ಸಿಲ್ಲು,” ಎಂದರು.

ಮರಿಸೋಲ್‌ಳ ಕೈ ಡಬ್ಬಿಗೆ ಎಲ್ಲರಿಗಿಂತ ಮೊದಲು ಹೋಯಿತು. ಇದಕ್ಕೆ ಸೇವಾ ಗಂಟೆ ಸಿಗುತ್ತದೆಯೇ ಎಂದು ಕೇಳಿದಳು. ಸಿಗುತ್ತದೆ, ಎಷ್ಟು ಅಳಿಸಿದೆ ಎಂದು ಎಣಿಸಿ ಬರೆದರೆ ಸಹಿ ಹಾಕುತ್ತೇನೆ ಎಂದರು ಮಿಸೆಸ್ ಕ್ವಾಮ್. ಪುಸ್ತಕಕ್ಕೆ ಕೈ ಚಾಚಿದ ವೆಂಡೆಲ್‌ಗೆ ಬೇರೆ ಕೆಲಸ ಬಿತ್ತು. ಓದದ ಪುಸ್ತಕಕ್ಕೂ ಅತ್ಯುತ್ತಮ ಎಂದು ಬರೆದಿದ್ದಾನೆ ಎಂದು ಇಬ್ಬರು ತಾಯಂದಿರು ದೂರು ಕೊಟ್ಟಿದ್ದರಂತೆ. ಮೊದಲು ಹೋಗಿ ಆ ರಟ್ಟುಗಳನ್ನು ಕಿತ್ತು ತಾ, ಆಮೇಲೆ ರಬ್ಬರು ಹಿಡಿ ಎಂದರು.

ಅವನು ಕಾಲೆಳೆದುಕೊಂಡು ಕಪಾಟಿನಿಂದ ಕಪಾಟಿಗೆ ಹೋದ. ತೋಳದ ರಟ್ಟು ಕಿತ್ತ, ಕೊಡಲಿಯ ರಟ್ಟು ಕಿತ್ತ. ಅಂಟು ಬಿಡದ ಕಡೆ ಉಗುರಿನಿಂದ ಕೆರೆದ. ಡ್ರ್ಯಾಗನ್ನಿನ ರಟ್ಟು ಕೊನೆಯದು. ಅದರ ಕೆಳಗೆ, ಅವನ ಸುರುಳಿ ಸಹಿಯ ಪಕ್ಕದಲ್ಲಿ, ಪೆನ್ಸಿಲ್ಲಿನಿಂದ ಯಾರೋ ಎರಡು ಸಾಲು ಬರೆದಿದ್ದರು. ಕೈ ಗುರುತಿನದು.

“ಅಕ್ಷರ ನೋಡಿದ ತಕ್ಷಣ ಗೊತ್ತಾಯ್ತು ನೀನ್ಯಾರು ಅಂತ. ನಿನಗಾದ್ರೂ ಒಂದು ಸ್ವಂತ ಅಭಿಪ್ರಾಯ ಇದೆ ಅಂದ್ಕೊಂಡಿದ್ದೆ.”

ಕೊನೆಯಲ್ಲಿ ಸಣ್ಣ ನಕ್ಷತ್ರ.

ವೆಂಡೆಲ್ ಕಪಾಟುಗಳ ನಡುವೆ ಆ ತುದಿಯಿಂದ ಈ ತುದಿಗೆ ಓಡಿದ. ಮಕ್ಕಳ ಕೋಣೆಯಲ್ಲಿ ಇಣುಕಿದ, ಬಾಗಿಲು ತೆರೆದು ಸೈಕಲ್ ನಿಲ್ಲಿಸುವ ಜಾಗ ನೋಡಿದ. ಒಂದೇ ಒಂದು ಸೈಕಲ್ ಇತ್ತು, ಡಾರ್ನೆಲ್‌ನದು. ಬೆಳಿಗ್ಗೆಯಿಂದ ಈ ಲೈಬ್ರರಿಗೆ ಬಂದು ಹೋದವರು ಐವತ್ತು ಜನರಾದರೂ ಇದ್ದರು. ಕುರ್ಚಿ ಹತ್ತಿದಾಗ ನಕ್ಷತ್ರ ಇತ್ತೋ, ಅದಕ್ಕೂ ಮೊದಲೇ ಎದ್ದು ಹೋಗಿತ್ತೋ ತಿಳಿಯಲಿಲ್ಲ. ತಟ್ಟನೆ ಪುಸ್ತಕದ ನೆನಪಾಯಿತು. ದುಂಡು ಮೇಜಿಗೆ ಓಡಿ ಬಂದ.

ಮರಿಸೋಲ್ ಮತ್ತು ಪ್ರಿಸಿಲ್ಲಾ ಅಕ್ಕಪಕ್ಕ ಕೂತು ಕೊನೆಯ ಪುಟದಿಂದ ಹಿಂದಕ್ಕೆ ಬರುತ್ತಿದ್ದರು. ಒಬ್ಬಳು ಎಡಪುಟ, ಒಬ್ಬಳು ಬಲಪುಟ. ಆಗಲೇ ಇನ್ನೂರ ಹತ್ತಕ್ಕೆ ಬಂದಿದ್ದರು. ಮೇಜಿನ ಮೇಲೆ ಗುಲಾಬಿ ಹುಡಿ ಹಿಟ್ಟಿನಂತೆ ಹರಡಿತ್ತು.

“ಮುನ್ನೂರ ಎಂಬತ್ತೆಂಟು?” ಎಂದು ವೆಂಡೆಲ್ ಏದುಸಿರು ಬಿಟ್ಟ.

“ಓ ಅದಾ,” ಎಂದಳು ಮರಿಸೋಲ್ ತಲೆಯೆತ್ತದೆ. “ಅದು ತುಂಬ ಕಷ್ಟ ಕೊಡ್ತು. ಯಾರೋ ಒತ್ತಿ ಒತ್ತಿ ಬರೆದಿದ್ರು. ಎರಡು ಸಲ ಉಜ್ಜಿದೆ.”

“ಏನಿತ್ತು?”

“ಓದ್ಲಿಲ್ಲ ಕಣೋ, ನೂರಾರು ಇದಾವೆ. ಒಂದು ಫೋನ್ ನಂಬರ್ ಇತ್ತು. ಕೆಳಗೆ ನಕ್ಷತ್ರ. ಪುಸ್ತಕದಲ್ಲಿ ನಂಬರ್ ಬರೆಯೋ ಜನ ನೋಡು, ಒಂಚೂರು ಬುದ್ಧಿ ಇಲ್ಲ.”

ಅವನು ಪುಸ್ತಕ ಕಸಿದುಕೊಂಡು ಕಿಟಕಿಗೆ ಹೋದ. ಪುಟವನ್ನು ಬೆಳಕಿಗೆ ಅಡ್ಡ ಹಿಡಿದ, ವಾರೆ ಮಾಡಿದ, ಮೂಗು ತಾಗುವಷ್ಟು ಹತ್ತಿರ ತಂದ. ಒತ್ತಿ ಬರೆದದ್ದರಿಂದ ಕಾಗದದಲ್ಲಿ ಗೀರು ಉಳಿದಿತ್ತು. ಒಂದು ಅಂಕಿ ಕಂಡಿತು. ಇನ್ನೊಂದು, ಮತ್ತೊಂದು ಕಂಡವು. ಮೊದಲ ಮೂರು ಅಂಕಿಗಳು ಸ್ಪಷ್ಟವಾಗಿದ್ದವು. ಅವು ಆ ಭಾಗದ ಎಲ್ಲ ಫೋನುಗಳಿಗೂ ಒಂದೇ. ಮುಂದಿನ ಏಳನ್ನು ಮರಿಸೋಲ್ ಬಹಳ ನಿಷ್ಠೆಯಿಂದ ಉಜ್ಜಿದ್ದಳು.

ಉಳಿದ ಇನ್ನೂರ ಹತ್ತು ಪುಟಗಳನ್ನು ವೆಂಡೆಲ್‌ನ ಮುಂದೆ ತಳ್ಳಿದರು. ಅವನು ಓದಿ ಓದಿ ಅಳಿಸಿದ. ತುಟಿ ನಲವತ್ತಾರು ಹೋಯಿತು, ಗುಡ್ಡ ಹತ್ತುವ ನದಿ ಹೋಯಿತು. ಮೊದಲ ಪುಟದ ಅಣ್ಣ ಸಾಯುವ ಸಾಲನ್ನು ಅಳಿಸುವಾಗ ಐದಕ್ಕೆ ಹತ್ತು ನಿಮಿಷ ಇತ್ತು. ಪಕ್ಕದಲ್ಲಿ ನಿಂತು ಕೇಕ್ ತಿನ್ನುತ್ತಿದ್ದ ಡಾರ್ನೆಲ್‌ಗೆ ಆಗ ಒಂದು ಉಪಾಯ ಹೊಳೆಯಿತು.

“ಮೊದಲೇ ಎಲ್ಲ ಪುಟದ್ದೂ ಫೋಟೋ ತೆಗೆದಿಟ್ಕೋಬೋದಿತ್ತಲ್ವೇನೋ?”

ವ್ಯಾನು ಐದಕ್ಕೆ ಸರಿಯಾಗಿ ಬಂದು ಪುಸ್ತಕವನ್ನು ಒಯ್ದಿತು. ವೆಂಡೆಲ್‌ಗೆ ಸರದಿಯಲ್ಲಿ ಹೆಸರಿರಲಿಲ್ಲ, ಹಚ್ಚಲು ಕಾರ್ಡೂ ಇರಲಿಲ್ಲ. ಮರಿಸೋಲ್ ಫಾರಂ ತುಂಬಿ ಮಿಸೆಸ್ ಕ್ವಾಮ್ ಅವರ ಸಹಿ ಹಾಕಿಸಿಕೊಂಡಳು. ಅವಳ ಫಾರಮ್ಮಿನ ಪ್ರಕಾರ ಆ ಶನಿವಾರ ಅಳಿಸಿದ್ದು: ಪುಟ ನಾನೂರ ಹನ್ನೆರಡು, ಅಭಿಪ್ರಾಯ ಆರುನೂರ ನಲವತ್ತೊಂದು, ನಕ್ಷತ್ರ ಐವತ್ತೆಂಟು, ಅಂಕಿ ಏಳು.